ಬಂಡೆಯ ಮೇಲೆ ಹಾಸಿದ ಟವಲು

ತಳಿ ಪೇಟೆಯ ಕಡೆಯ ನಮ್ಮ ಊರಿನಲ್ಲಿ ಧೈರ್ಯವಂತರಿಗೇನೂ ಕಡಿಮೆ ಇರಲಿಲ್ಲ. ಆರು ವರ್ಷದ ಹುಡುಗನೊಬ್ಬನನ್ನು ಪುಕ್ಕಲ ಎಂದು ಆಡಿಕೊಳ್ಳಲು ಎಷ್ಟು ಧೈರ್ಯ ಬೇಕೋ ಅಷ್ಟು ಪ್ರತಿ ಮನೆಯಲ್ಲೂ ಇತ್ತು.

ಹುಡುಗನ ಹೆಸರು ಚಿನ್ನಪ್ಪ. ಶ್ಯಾಮಣ್ಣ, ಭದ್ರಮ್ಮನವರ ಮಗ. ಯುದ್ಧ ನಡೆಯುತ್ತಿದ್ದು ಸೀಮೆಎಣ್ಣೆಗೂ ಪರದಾಡುತ್ತಿದ್ದ ಕಾಲ ಅದು. ಹಿಂದಿನ ವರ್ಷ ಸ್ವಾತಿ ಮಳೆಗೆ ಕೆರೆಯ ಕಟ್ಟೆ ಒಡೆದು, ತಗ್ಗಿನ ಬೀದಿಯನ್ನು ನೀರು ಬಳಿದುಕೊಂಡು ಹೋಗಿತ್ತು. ಚಿನ್ನಪ್ಪನ ತಂಗಿ ಪಿಳ್ಳಿ, ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ ಕೂಸು, ಆ ನೀರಿನಲ್ಲಿ ಹೋದಳು. ಊರಗೌಡ ವೆಂಕಟರಾಮಪ್ಪನವರು ಬಂದು, "ಹೆಣ್ಕೂಸು ತಾನೆ, ಬಿಡು ಭದ್ರಮ್ಮ, ಗಂಡು ಉಳ್ಕಂಡವ್ನಲ್ಲ" ಎಂದು ಸಮಾಧಾನ ಹೇಳಿ, ಎಲೆ ಅಡಿಕೆ ಹಾಕಿಕೊಂಡು ಹೋದರು. ಸಮಾಧಾನ ಹೇಳುವುದರಲ್ಲಿ ಅವರದು ಎತ್ತಿದ ಕೈ.

ಆಮೇಲೆ ಚಿನ್ನಪ್ಪ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳತೊಡಗಿದ. ಮೈಮೇಲೆ ಒಂದು ಚೊಂಬು ನೀರು ಬಿದ್ದರೂ ಚೀರುತ್ತಿದ್ದ. ಮೋಡ ಕಂಡರೆ ಸಾಕು, ಅಪ್ಪನ ಟವಲು ಎತ್ತಿಕೊಂಡು ಊರ ಮೇಲಿನ ಬಂಡೆ ಹತ್ತಿಬಿಡುತ್ತಿದ್ದ. ಮೀಸೆ ಬಂದ ಗಂಡಸರು ಅರಳಿಕಟ್ಟೆಯ ಮೇಲೆ ಕೂತು, "ನೀರು ಬಂತು ಕಣ್ಲಾ!" ಎಂದು ಸುಮ್ಮಸುಮ್ಮನೆ ಕೂಗಿ, ಅವನು ಬಿದ್ದೆದ್ದು ಓಡುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಕ್ಕಿಂತ ಒಳ್ಳೆಯ ಕೆಲಸ ಅವರಿಗಿರಲಿಲ್ಲ.

ಬಂಡೆಯ ಮೇಲೆ ಅವನು ಟವಲು ಹಾಸಿ ಒಂದು ತುದಿಯಲ್ಲಿ ಮುದುರಿ ಕೂರುತ್ತಿದ್ದ. ಇನ್ನೊಂದು ತುದಿಯಲ್ಲಿ ಒಂದು ಚೂರು ಬೆಲ್ಲ. ಮನೆಯ ಬೆಲ್ಲ ಕದ್ದು ಒಬ್ಬನೇ ತಿನ್ನಲು ಹೂಡಿದ ಆಟ ಇದು ಎಂದು ಊರು ತೀರ್ಮಾನಿಸಿತು. ಅವನು ಅದನ್ನು ತಿಂದದ್ದನ್ನು ಯಾರೂ ಕಂಡಿರಲಿಲ್ಲ, ಇರುವೆಗಳು ತಿನ್ನುತ್ತಿದ್ದವು. ಆದರೆ ನೋಡಿ ಮಾತಾಡುವ ಕೆಟ್ಟ ಅಭ್ಯಾಸ ನಮ್ಮೂರಿಗೆ ಇರಲಿಲ್ಲ.

ಮರುವರ್ಷ ಆರಿದ್ರಾ ಮಳೆ ಕೈಕೊಟ್ಟಿತು. ರಾಗಿ ಬಿತ್ತಲು ಹದವಿಲ್ಲ. ಮಳೆರಾಯನನ್ನು ಹೊರಿಸುವುದೆಂದಾಯಿತು. ಜೇಡಿಮಣ್ಣಿನ ಬೊಂಬೆ ಮಾಡಿ, ಮಣೆಯ ಮೇಲಿಟ್ಟು, ಬರಿಮೈಯ ಹುಡುಗನೊಬ್ಬನ ತಲೆಗೆ ಹೊರಿಸಿ ಮನೆಮನೆಗೆ ಕರೆದೊಯ್ಯಬೇಕು. ಪ್ರತಿ ಮನೆಯ ಹೆಂಗಸೂ ಬೊಂಬೆಯ ಮೇಲೆ, ಎಂದರೆ ಹುಡುಗನ ಮೇಲೆ, ಬಿಂದಿಗೆ ನೀರು ಸುರಿಯಬೇಕು. ಅದಕ್ಕೆ ನಾ ಮುಂದು ತಾ ಮುಂದು ಎಂದು ಕುಣಿಯುವ ಹುಡುಗರು ಊರಲ್ಲಿ ಬೇಕಾದಷ್ಟಿದ್ದರು. ಗೌಡರ ಕಣ್ಣು ಮಾತ್ರ ಚಿನ್ನಪ್ಪನ ಮೇಲೆ ಬಿತ್ತು.

"ಇವ್ನೇ ಹೊರ್ಲಿ. ಮಳೆನೂ ಬತ್ತದೆ, ಇವ್ನ ಪುಕ್ಕಲುತನಾನೂ ಬಿಟ್ಟೋಯ್ತದೆ."

"ಬ್ಯಾಡಿ ಗೌಡ್ರೇ," ಎಂದಳು ಭದ್ರಮ್ಮ. "ನೀರು ಕಂಡ್ರೆ ಜೀವ ಬಿಡ್ತದೆ ನನ್ ಮಗ. ಇದ್ಕೂ ಏನಾದ್ರೂ ಆಗೋದ್ರೆ ನಂಗಿನ್ಯಾರವ್ರೆ?"

"ನೀನೇ ಮುದ್ದು ಮಾಡಿ ಕೆಡಿಸಿರೋದು. ಏನ್ಲಾ ಶ್ಯಾಮಣ್ಣ, ಏನಂತೀಯ?"

ಶ್ಯಾಮಣ್ಣ ಏನನ್ನುತ್ತಾನೆ? ಗೌಡರ ಎದುರು ಅವನಿಗೆ ಬರುತ್ತಿದ್ದ ಮಾತು ಒಂದೇ. "ನೀವೇಳ್ದಂಗೇ ಆಗ್ಲಿ" ಎಂದು ಮಗನ ಅಂಗಿಯನ್ನು ತಾನೇ ಬಿಚ್ಚಿದ. ಇಂಥ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊದಲ ಮನೆ ಗೌಡರದೇ. ಅವರ ಹೆಂಡತಿ ದೊಡ್ಡ ಹಿತ್ತಾಳೆ ಬಿಂದಿಗೆ ಎತ್ತಿ ಧಾರಾಳವಾಗಿ ಸುರಿದರು. ಹುಡುಗ ಈ ಸಲ ಚೀರಲಿಲ್ಲ. ಬಾಯಿ ತೆರೆದಿತ್ತು, ದನಿ ಬರಲಿಲ್ಲ, ಉಸಿರೂ ಬರಲಿಲ್ಲ. ಮಣೆ ಜಾರಿ ಮಳೆರಾಯ ನಡುಬೀದಿಯಲ್ಲಿ ಬಿದ್ದು ಮುದ್ದೆಯಾದ. ಗೌಡರು ಹುಡುಗನ ಕೆನ್ನೆಗೆ ಬಾರಿಸಿದರು. ಆ ಏಟಿಗೆ ಉಸಿರು ತಿರುಗಿತೋ ಏನೋ, ಅವನು ತನ್ನ ಮನೆಗೆ ನುಗ್ಗಿ, ಟವಲು, ಬೆಲ್ಲ ಎತ್ತಿಕೊಂಡು ಬಂಡೆಗೆ ಓಡಿದ.

"ಅಪಶಕುನದ ಮುಂಡೇದು! ಇನ್ನು ಮಳೆ ಬಂದಂಗೇ!" ಎಂದರು ಗೌಡರು. ಊರು ತಲೆಯಾಡಿಸಿತು. ಭದ್ರಮ್ಮ ಮಗನ ಹಿಂದೆ ಓಡಿದಳು.

ಅಂದು ಸಂಜೆಯೊಳಗೆ ಅಂಚೆಟ್ಟಿ ಕಾಡಿನ ಕಡೆಯಿಂದ ಮೋಡ ಕವಿಯಿತು. ಒಂದು ಗುಡುಗು ಹೊಡೆಯಿತು ನೋಡಿ, ಅದರ ಬೆನ್ನಿಗೇ ಕೆರೆಯ ಹತ್ತಿರ ಏನೋ ಧಡಾರೆಂದು ಬಿತ್ತು. ಹುಣಸೆಮರದ ಒಣಕೊಂಬೆ, ಅಷ್ಟೆ. "ಕಟ್ಟೆ ಹೋಯ್ತು!" ಎಂದು ಯಾರೋ ಕೂಗಿದರು. ಕೆರೆಯಲ್ಲಿ ಒಂದು ಎಮ್ಮೆಯ ಮೈ ನೆನೆಯುವಷ್ಟೂ ನೀರಿರಲಿಲ್ಲ. ಅದು ಯಾರಿಗೂ ನೆನಪಾಗಲಿಲ್ಲ. ಧೈರ್ಯವಂತರೆಲ್ಲ ಕೋಳಿ, ಮಕ್ಕಳು, ರಾಗಿ ಚೀಲ ಹೊತ್ತು ಬಂಡೆಗೆ ಓಡಿದರು. ಎಲ್ಲರಿಗಿಂತ ಮುಂದೆ ಗೌಡರು. ಒಡೆದ ಕಟ್ಟೆಗೆ ಮಣ್ಣು ಮೆತ್ತಿಸಿದವರು ಅವರೇ ಅಲ್ಲವೇ, ಅದರ ಗಟ್ಟಿತನ ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು? ಬಂಡೆ ಮುಟ್ಟುವಷ್ಟರಲ್ಲಿ ಅವರ ಪಂಚೆ ಒದ್ದೆಯಾಗಿತ್ತು. ಮಳೆ ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

ಏದುಸಿರು ಬಿಡುತ್ತ ಬಂದವರೇ ಗೌಡರು ಟವಲಿನ ಖಾಲಿ ತುದಿಯ ಮೇಲೆ ಧೊಪ್ಪನೆ ಕೂತರು. ಬೆಲ್ಲ ಅವರ ಅಡಿಗೆ ಸಿಕ್ಕಿತು.

ತಾಯಿಯ ತೊಡೆಯ ಮೇಲೆ ಮಲಗಿದ್ದ ಚಿನ್ನಪ್ಪ ತಲೆಯೆತ್ತಿದ. "ಅಲ್ಲಿ ಕುಂತ್ಕಬ್ಯಾಡಿ ತಾತ. ಅದು ಪಿಳ್ಳಿ ಜಾಗ. ನೀರು ಬಂದ್ರೆ ಅವ್ಳು ಇಲ್ಗೇ ಬತ್ತಾಳೆ."

ಬೆಲ್ಲ ಕದ್ದನೆಂದು ಭದ್ರಮ್ಮನೂ ಅವನನ್ನು ಬೈದಿದ್ದಳು.

"ಯಾವ ಪಿಳ್ಳಿನಪ್ಪಾ?" ಎಂದರು ಗೌಡರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ಶ್ಯಾಮಣ್ಣ ತನ್ನ ಕಾಲ್ಬೆರಳು ನೋಡಿಕೊಂಡ. ಮದುವೆಯಾಗಿ ಬಂದಾಗಿನಿಂದ ಗೌಡರ ಎದುರು ತಲೆ ತಗ್ಗಿಸಿಯೇ ಮಾತಾಡಿದ್ದ ಭದ್ರಮ್ಮ, ಮಗನನ್ನು ಪಕ್ಕಕ್ಕೆ ಕೂರಿಸಿ ಎದ್ದು ನಿಂತಳು.

"ಏಳ್ಲಾ ಮೇಲೆ," ಎಂದಳು. "ನನ್ ಮಗಳ ಜಾಗ ಬಿಡು."

ಗೌಡರು ಎದ್ದರು. ಅಷ್ಟರಲ್ಲಿ ಮಳೆ ಸುರಿಯತೊಡಗಿತು. ಊರೆಲ್ಲ ನೆನೆಯುತ್ತ ನಿಂತಿತು. ಚಿನ್ನಪ್ಪ ಗಡಗಡ ನಡುಗುತ್ತಲೇ ಟವಲಿನ ಆ ತುದಿಯನ್ನು ಕೊಡವಿ, ಮತ್ತೆ ಹಾಸಿ, ಅಪ್ಪಚ್ಚಿಯಾಗಿದ್ದ ಬೆಲ್ಲವನ್ನು ಅದರ ಮೇಲಿಟ್ಟ.