ಒಂದು ಗೆಂಡೆ ಕಡಿಮೆ

ಏಳರವರೆಗೆ ಎಣಿಸಿ ನೀಲಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮತ್ತೆ ಮೊದಲಿನಿಂದ ಎಣಿಸಿದರು. ಗಾಜಿನ ತೊಟ್ಟಿಯಲ್ಲಿ ಗೆಂಡೆ ಮೀನು ಈ ಸಲವೂ ಏಳೇ ಇದ್ದವು. ನಿನ್ನೆ ಸಂಜೆ ಎಂಟಿದ್ದವು. ಹೋದ ಗುರುವಾರ ನೀರಿಗೆ ಬಿಟ್ಟಾಗ ಹನ್ನೆರಡಿದ್ದವು.

"ಪಂಚಪ್ಪಾ, ಒಂದ್ ಗೆಂಡಿ ಕಡಿಮಿ ಅದಲ್ರಿ?"

ನೆಲ ಒರೆಸುತ್ತಿದ್ದ ಅಟೆಂಡರ್ ಪಂಚಪ್ಪ ಸೊಂಟ ನೆಟ್ಟಗೆ ಮಾಡಿದ. "ನಾನೇ ಬೀಗ ಆಕಿದ್ದು ಮೇಡಂ. ಎರಡ್ ಸಲ ಎಳ್ದು ನೋಡೇ ಮನೆಗೋಗಿದ್ದು."

ಬೀಗದ ಮಾತನ್ನು ನೀಲಕ್ಕ ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬುದು ಅವರಿಗೆ ಥಟ್ಟನೆ ನೆನಪಾಯಿತು. ಪ್ರಾಣಿಶಾಸ್ತ್ರದ ಪ್ರಯೋಗಾಲಯಕ್ಕೆ ಇದ್ದವು ಎರಡೇ ಕೀಲಿಕೈ. ಒಂದು ಅವರ ಕೈಚೀಲದಲ್ಲಿ, ಇನ್ನೊಂದು ಪಂಚಪ್ಪನ ಉಡಿದಾರದಲ್ಲಿ.

ಸೋಲದೇವನಹಳ್ಳಿಯಿಂದ ಮುಂದಿರುವ ಅವರ ಕಾಲೇಜಿಗೆ ಶುಕ್ರವಾರ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುವುದಿತ್ತು. ಸಮಿತಿಗೆ ತೋರಿಸಲೆಂದೇ ನೀಲಕ್ಕ ಮೂಳೆಮೀನುಗಳ ತೊಟ್ಟಿ ಕಟ್ಟಿಸಿದ್ದರು. ಮೇಲ್ನೀರಿನಲ್ಲಿ ತಿನ್ನುವ ಕಾಟ್ಲಾ ಮರಿ, ನಡುನೀರಿನ ರೋಹು, ತಳದ ಕೆಸರು ಕೆದಕುವ ಹಾವುಮೀನು, ಗುಂಪಾಗಿ ತಿರುಗುವ ಗೆಂಡೆಗಳು, ನೀರಿನಿಂದ ಮೂತಿ ಎತ್ತಿ ಗಾಳಿ ಕುಡಿಯುವ ಮೊಳದುದ್ದದ ಒಂದು ಕೊರವ. ಯಾವುದರ ಬಾಯಿ ಎತ್ತ ತಿರುಗಿದೆ, ಯಾಕೆ ತಿರುಗಿದೆ ಎಂಬುದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದ ದೊಡ್ಡ ಪಟವೊಂದನ್ನು ತೊಟ್ಟಿಯ ಹಿಂದಿನ ಗೋಡೆಗೆ ಅಂಟಿಸಿದ್ದರು. ಮೀನುಗಳನ್ನು ಬಾಗಲೂರು ಕಡೆಯ ಕೆರೆಯೊಂದರಿಂದ ಒದ್ದೆ ಗೋಣಿ ಸುತ್ತಿದ ಕ್ಯಾನಿನಲ್ಲಿ ತಂದವನು ಪಂಚಪ್ಪನೇ. ತಂದವನಿಗೆ ತಿನ್ನುವುದು ಕಷ್ಟವೇ?

ನೀಲಕ್ಕ ಗದಗಿನ ಕಡೆಯವರು, ಲಿಂಗಾಯತರು. ಇಪ್ಪತ್ತಾರು ವರ್ಷ ಮೀನಿನ ಪಾಠ ಮಾಡಿದ್ದರೂ ಅವರ ಮೀನುಗಳೆಲ್ಲ ಫಾರ್ಮಲಿನ್ ಜಾಡಿಯಲ್ಲಿ ಬಿಳಿಚಿಕೊಂಡು ನಿಂತವು. ಬದುಕಿರುವ ಮೀನಿನ ಸಂಸಾರ ಅವರಿಗೆ ಹೊಸದು. ಆದರೂ ಪ್ರೀತಿಗೆ ಕೊರತೆ ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ, ಗೋಧಿಹಿಟ್ಟಿಗೆ ತೌಡು ಬೆರೆಸಿ ಸಣ್ಣ ಉಂಡೆ ಕಟ್ಟಿ, ಸ್ಟೀಲಿನ ಡಬ್ಬಿಯಲ್ಲಿ ಬಸ್ಸಿನಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಎಲ್ಲ ಮೀನಿಗೂ ಒಂದೇ ಪಂಕ್ತಿ.

ಮೊದಲ ದಿನವೇ ಪಂಚಪ್ಪ ತಲೆ ಕೆರೆದುಕೊಂಡಿದ್ದ. "ಕೊರವ ಇಟ್ಟು ತಿನ್ನಕಿಲ್ಲ ಮೇಡಂ. ಅದಕ್ಕೆ ಜೀವ ಬೇಕು. ಎರೆಹುಳ ತಂದಾಕ್ಲಾ?"

"ನನ್ನ ಲ್ಯಾಬಿನಾಗ ಅದೆಲ್ಲ ಬ್ಯಾಡ್ರಿ," ಎಂದು ನೀಲಕ್ಕ ನಕ್ಕಿದ್ದರು. "ನಮ್ಮ ತವರಮನಿ ನಾಯಿ ರೊಟ್ಟಿ ಹಾಲು ತಿಂದ ಹದಿನಾಕು ವರ್ಷ ಬಾಳೇವು ಮಾಡ್ತು. ರೂಢಿ ಆದ್ರ ಎಲ್ಲಾ ತಿಂತಾವ."

ಕೊರವವೂ ಅವರ ಮಾತನ್ನು ಸುಳ್ಳು ಮಾಡಿರಲಿಲ್ಲ. ಮೂಲೆಯ ಪಾಚಿಯಲ್ಲಿ ಒಣಕಟ್ಟಿಗೆಯ ಹಾಗೆ ಬಿದ್ದಿರುತ್ತಿತ್ತು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗಿ ಮತ್ತೆ ಮಲಗುತ್ತಿತ್ತು. ಎಂಥ ಸಾಧು ಪ್ರಾಣಿ ಎಂದು ನೀಲಕ್ಕನಿಗೆ ಅದರ ಮೇಲೆ ಒಂದಿಷ್ಟು ಹೆಚ್ಚೇ ಮಮತೆ.

ಸ್ಟಾಫ್ ರೂಮಿನಲ್ಲಿ ವಿಷಯ ಕೇಳಿದ ರಸಾಯನಶಾಸ್ತ್ರದ ಇಂದು ಎಂಬ ಅಧ್ಯಾಪಕಿ ಕಾಫಿ ಲೋಟ ಕೆಳಗಿಟ್ಟಳು. "ಅಯ್ಯೋ ಮೇಡಂ, ಇದ್ರಲ್ಲಿ ಡೌಟ್ ಏನ್ ಬಂತು? ಅವ್ನು ಪುಟ್ಟೇನಹಳ್ಳಿಯವ್ನು. ಚಿಕ್ಕೋನಾಗಿದ್ದಾಗಿಂದ ಕೆರೆ ಮೀನು ತಿಂದು ಬೆಳೆದಿರೋದು. ಈಗ ಅಲ್ಲಿ ಕೆರೆಗೆ ಬೇಲಿ ಹಾಕಿದಾರೆ. ಇಲ್ಲಿ ಫ್ರೆಶ್ ಆಗಿ ಕೈಗೇ ಸಿಗುತ್ತೆ ಅಂದ್ರೆ ಬಿಡ್ತಾನಾ?"

"ಹನ್ನೆರಡು ವರ್ಷದಾಗ ಒಂದ್ ಪಿನ್ನೂ ಕದ್ದಿಲ್ಲ ಅಂವ."

"ಪಿನ್ನು ಹುಳಿಗೆ ಹಾಕಕ್ಕೆ ಬರಲ್ವಲ್ಲ ಮೇಡಂ."

ನೀಲಕ್ಕ ನಗಲಿಲ್ಲ. ಅವರ ಮೇಜಿನ ಡ್ರಾದಲ್ಲಿ ಪ್ರಾಂಶುಪಾಲರು ಕಳಿಸಿದ ಫಾರಂ ಇತ್ತು. ಪಂಚಪ್ಪನದು ವರ್ಷ ವರ್ಷ ನವೀಕರಿಸುವ ನೌಕರಿ. ಶ್ರದ್ಧೆ, ಶುಚಿ, ಪ್ರಾಮಾಣಿಕತೆ ಎಂಬ ಮೂರು ಕಾಲಂ ತುಂಬಿ ಗುರುವಾರ ಕಚೇರಿಗೆ ಮುಟ್ಟಿಸಬೇಕು. ಮೂರರಲ್ಲಿ ಒಂದಕ್ಕೆ ಕಪ್ಪು ಮಸಿ ಬಿದ್ದರೂ ಮುಂದಿನ ತಿಂಗಳಿಂದ ಬರಬೇಡ ಅನ್ನುತ್ತಾರೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವನನ್ನು ಇನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಅದು ನೀಲಕ್ಕನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಂಕಟ.

ಅವತ್ತು ಸಂಜೆ ಪಂಚಪ್ಪ ಹೊರಗೆ ಹೋದಾಗ ತೊಟ್ಟಿಯ ಮುಚ್ಚಳದ ಮೇಲೆ ಒಂದು ಬಿಳಿ ದಾರ ಎಳೆದು, ಎರಡೂ ತುದಿಗೆ ಗೋಂದು ಹಚ್ಚಿ ಅಂಟಿಸಿದರು. ಮುಚ್ಚಳ ಎತ್ತಿದರೆ ದಾರ ಕಿತ್ತು ಬರಬೇಕು.

ಬುಧವಾರ ಬೆಳಿಗ್ಗೆ ದಾರ ಇಟ್ಟ ಹಾಗೇ ಇತ್ತು. ಗೆಂಡೆ ಆರೇ ಇದ್ದವು.

ಬೇರೆ ಯಾರಾದರೂ ಆಗಿದ್ದರೆ ಪಂಚಪ್ಪನ ಮೇಲಿನ ಅನುಮಾನವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇಲಿಯ ನರವನ್ನು ಎಳೆ ಎಳೆಯಾಗಿ ಬಿಡಿಸಿ ಕೊಡುವ ಕೈ ಅವನದು. ಒಂದು ದಾರ ಬಿಚ್ಚಿ ಮತ್ತೆ ಅಂಟಿಸುವುದು ಅವನಿಗೆ ಯಾವ ಲೆಕ್ಕ? ದಾರ ಅಷ್ಟು ನೆಟ್ಟಗೆ ಇದ್ದದ್ದೇ ಅವರ ಅನುಮಾನವನ್ನು ಗಟ್ಟಿ ಮಾಡಿತು. ಆ ದಿನವೆಲ್ಲ ಅವನು ಬಕೆಟ್ಟು ಎತ್ತಿದರೆ ಬಕೆಟ್ಟಿನೊಳಗೆ, ಜೇಬಿಗೆ ಕೈ ಹಾಕಿದರೆ ಜೇಬಿನ ಕಡೆಗೆ ಅವರ ಕಣ್ಣು ಹೋಯಿತು. ಅವನಿಗೂ ಅದು ತಟ್ಟಿರಬೇಕು. ಮಾತು ಕಡಿಮೆ ಮಾಡಿದ. ಅದೂ ಅವರಿಗೆ ಕಳ್ಳನ ಲಕ್ಷಣವಾಗಿಯೇ ಕಂಡಿತು.

ಗುರುವಾರ ಗೆಂಡೆ ಐದಕ್ಕೆ ಇಳಿಯಿತು. ನೀಲಕ್ಕ ಫಾರಂ ತೆಗೆದು, ಮೂರನೆಯ ಕಾಲಂನಲ್ಲಿ 'ಸಂಶಯವಿದೆ' ಎಂದು ಬರೆದು, ಲಕೋಟೆಗೆ ಗೋಂದು ಹಚ್ಚಿದರು. ಆ ಕಾಲೇಜಿನಲ್ಲಿ ಕಾಗದಪತ್ರ ಕಚೇರಿಗೆ ಒಯ್ಯುವುದು ಅಟೆಂಡರಿನ ಕೆಲಸ. ಯಾರ ಹಣೆಬರಹವಾದರೂ ಅವನ ಕೈಯಲ್ಲೇ ಹೋಗಬೇಕು.

ಪಂಚಪ್ಪ ಆಗಷ್ಟೇ ಹೊಂಗೆಮರದ ಕೆಳಗೆ ಊಟ ಮುಗಿಸಿ, ಪ್ರಯೋಗಾಲಯದ ಸಿಂಕಿನಲ್ಲಿ ಡಬ್ಬಿ ತೊಳೆದು, ಪಂಚೆಯ ಅಂಚಿಗೆ ಕೈ ಒರೆಸಿಕೊಂಡು ಬಂದ. ಹುಣಸೆಹುಳಿ, ಮೆಣಸಿನ ವಾಸನೆ. ಮೀನಿನ ವಾಸನೆ.

"ಇದನ್ನ ಆಫೀಸಿಗೆ ಕೊಟ್ಟ ಬರ್ರಿ."

"ಆಯ್ತು ಮೇಡಂ," ಎಂದು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ.

ನೀಲಕ್ಕ ಸಿಂಕಿನ ಹತ್ತಿರ ಹೋದರು. ಜಾಲರಿಯ ಮೇಲೆ ನಾಲ್ಕಾರು ಮುಳ್ಳು, ಒಂದು ಬಾಲ ಸಿಕ್ಕಿಕೊಂಡಿದ್ದವು. ಬರೆದದ್ದು ಬರೆದಾಯಿತು, ಪುರಾವೆ ಸಿಕ್ಕರೆ ಮನಸ್ಸಿಗಾದರೂ ಸಮಾಧಾನ. ಬೇಯಿಸಿದ ಮೀನನ್ನು ಜನ್ಮದಲ್ಲಿ ಅವರು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕತ್ತಿನ ಲಿಂಗದ ಕರಡಿಗೆಯನ್ನು ರವಿಕೆಯೊಳಕ್ಕೆ ಸರಿಸಿ, ಉಸಿರು ಬಿಗಿಹಿಡಿದು, ಚಿಮಟದಲ್ಲಿ ಬಾಲ ಎತ್ತಿ ಗಾಜಿನ ಪಟ್ಟಿಯ ಮೇಲೆ, ಮಸೂರದ ಕೆಳಗೆ ಇಟ್ಟರು.

ಕವಲೊಡೆದ ಬಾಲ. ಅದರ ಬುಡಕ್ಕೆ, ಮೇಲೆ ಕೆಳಗೆ ಎರಡೂ ಕಡೆ, ಸಾಲಾಗಿ ಪುಟ್ಟ ಪುಟ್ಟ ರೆಕ್ಕೆಗಳು. ನೀಲಕ್ಕ ಅವನ್ನು ಎಣಿಸಿದರು. ಐದೈದು. ಗೆಂಡೆಗೆ ಈ ಕಿರುರೆಕ್ಕೆ ಇರುವುದಿಲ್ಲ. ಸಮುದ್ರದಲ್ಲಿ ದಂಡು ಕಟ್ಟಿಕೊಂಡು ಓಡುವ ಮೀನಿಗೆ ಮಾತ್ರ ಇದು ಬೇಕು. ಪರೀಕ್ಷೆಯಲ್ಲಿ ತಪ್ಪು ಬರೆದ ಹುಡುಗರಿಗೆ ಅವರೇ ಅಂಕ ಕಳೆದಿದ್ದರು. ಇದು ಬಂಗುಡೆ. ಕೆರೆಯ ನೀರನ್ನು ಕಂಡೇ ಇಲ್ಲದ ಮೀನು.

ಹಾಗಾದರೆ ಗೆಂಡೆಗಳು? ಅವರು ತೊಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕುಳಿತರು. ಬೆಳಗಿನ ಹಿಟ್ಟಿನ ಉಂಡೆಯೊಂದು ತಳದಲ್ಲಿ ನೆನೆದು ಬಿಚ್ಚಿಕೊಳ್ಳುತ್ತಿತ್ತು. ಅದರ ಆಸೆಗೆ ಒಂದು ಗೆಂಡೆ ಗುಂಪು ಬಿಟ್ಟು ಮೂಲೆಯ ಕಡೆಗೆ ಹೋಯಿತು. ಪಾಚಿಯಲ್ಲಿದ್ದ ಒಣಕಟ್ಟಿಗೆ ಒಮ್ಮೆ ಬಾಗಿದ ಹಾಗಾಯಿತು, ನೀರು ಅಲುಗಾಡಿತು. ಮತ್ತೆ ನೋಡಿದರೆ ಕಟ್ಟಿಗೆ ಕಟ್ಟಿಗೆಯಾಗಿಯೇ ಇತ್ತು. ಗೆಂಡೆ ಇರಲಿಲ್ಲ.

ನೀಲಕ್ಕ ತಲೆ ಎತ್ತಿದರು. ಎದುರಿನ ಪಟದಲ್ಲಿ, ಕೊರವದ ಚಿತ್ರದ ಕೆಳಗೆ, ಅವರದೇ ದುಂಡಗಿನ ಅಕ್ಷರ: 'ನಿಶ್ಚಲವಾಗಿದ್ದು, ಹೊಂಚು ಹಾಕಿ ಬೇಟೆಯಾಡಲು ಹೊಂದಿಕೊಂಡ ದೇಹ.'

ಅವರು ಎದ್ದು ಓಡಿದರು. ಐವತ್ತೇಳರ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ಅಂಗಳ ದಾಟಿ ಓಡುವುದನ್ನು ಹುಡುಗಿಯರು ಬಾಯಿ ತೆರೆದು ನೋಡಿದರು. ಕಚೇರಿಯ ಗುಮಾಸ್ತ ಊಟಕ್ಕೆ ಹೋಗಿದ್ದ. ಹೊರಗಿನ ಬೆಂಚಿನ ಮೇಲೆ ಪಂಚಪ್ಪ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುದುರದ ಹಾಗೆ ಅಂಗೈ ಮುಚ್ಚಿ ಕುಳಿತಿದ್ದ. ನೀಲಕ್ಕನಿಗೆ ಹೋದ ಜೀವ ಬಂದಂತಾಯಿತು.

"ಅದನ್ನ ಇಲ್ಲೆ ಕೊಡ್ರಿ. ತಪ್ಪ ಬರದೇನಿ."

ಪಂಚಪ್ಪ ಲಕೋಟೆ ನೋಡಿದ, ಅವರ ಮುಖ ನೋಡಿದ. "ನಂದೇ ಅಲ್ವಾ ಮೇಡಂ ಇದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಟ್ಟುಬಿಟ್ಟ. ಅವನು ಲ್ಯಾಬಿನ ಕಡೆಗೆ ನಡೆದ. ನೀಲಕ್ಕ ಕಚೇರಿಯ ಕಪಾಟಿನಿಂದ ಹೊಸ ಫಾರಂ ತೆಗೆದು, ಅಲ್ಲೇ ನಿಂತು ತುಂಬಿ, ಮೂರನೆಯ ಕಾಲಂನಲ್ಲಿ 'ಅತ್ಯುತ್ತಮ' ಎಂದು ಒತ್ತಿ ಬರೆದು ಗುಮಾಸ್ತನ ಮೇಜಿನ ಮೇಲಿಟ್ಟರು. ಹಳೆಯದನ್ನು ಚೂರು ಚೂರು ಮಾಡಿದರು. ಆಗ ಮಸೂರದ ಕೆಳಗೆ ಬಿಟ್ಟು ಬಂದದ್ದು ನೆನಪಾಗಿ ಲ್ಯಾಬಿಗೆ ಧಾವಿಸಿದರು.

ಅವರು ಬಾಗಿಲಿಗೆ ಬರುವಷ್ಟರಲ್ಲಿ ಪಂಚಪ್ಪ ಮೇಜಿನ ಮೇಲೆ ಬಾಗಿದ್ದ. ಅವರೇ ಕಲಿಸಿಕೊಟ್ಟ ಹಾಗೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮಸೂರಕ್ಕೆ ಇಟ್ಟು ನೋಡುತ್ತಿದ್ದ.

"ಬಂಗುಡೆ ಮೇಡಂ," ಅಂದ, ತಲೆ ಎತ್ತದೆ. "ನೆನ್ನೆ ಯಲಹಂಕ ಮಾರ್ಕೆಟ್ಟಲ್ಲಿ ತಂದಿದ್ದು. ಕೇಳಿದ್ರೆ ನಾನೇ ಏಳ್ತಿದ್ದೆ."

"ತಪ್ಪಾತ್ರಿ ಪಂಚಪ್ಪ." ನೀಲಕ್ಕ ತೊಟ್ಟಿಯ ಕಡೆ ಕೈ ತೋರಿಸಿದರು. "ಗೆಂಡಿ ತಿಂದದ್ದು ಆ ಕೊರವ. ಈಗ ಕಣ್ಣಾರೆ ನೋಡ್ದೆ."

"ಓಗ್ಲಿ ಬುಡಿ. ಮೊದ್ಲು ಅದನ್ನ ಬ್ಯಾರೆ ತೊಟ್ಟಿಗೆ ಆಕಾನ." ಬಾಲವನ್ನು ಅವನೇ ಚಿಮಟದಲ್ಲಿ ಎತ್ತಿ, ಗಾಜಿನ ಪಟ್ಟಿ ತೊಳೆದಿಟ್ಟ. ಆಮೇಲೆ ಕೇಳಿದ, "ಎರೆಹುಳ ತರ್ಲಾ?"

"ತರ್ರಿ."

ಶುಕ್ರವಾರ ಸಮಿತಿಯವರು ಬಂದು, ಎರಡು ತೊಟ್ಟಿ ನೋಡಿ, ಕೊರವ ಗಾಳಿ ಕುಡಿಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಪಂಚಪ್ಪನ ನೌಕರಿ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.

ಸೋಮವಾರ ಮಧ್ಯಾಹ್ನ ನೀಲಕ್ಕ ಕಿಟಕಿಯಲ್ಲಿ ನಿಂತಿದ್ದರು. ಹೊಂಗೆಮರದ ಕೆಳಗೆ ಪಂಚಪ್ಪ ಊಟ ಮುಗಿಸಿದ. ಎದ್ದು ಸಿಂಕಿನ ಕಡೆಗೆ ಬರಲಿಲ್ಲ. ಡಬ್ಬಿಯ ಮುಚ್ಚಳದಲ್ಲಿದ್ದ ಮುಳ್ಳುಗಳನ್ನು ಒಂದೊಂದಾಗಿ ಆರಿಸಿ ಹಾಳೆಯೊಂದರಲ್ಲಿ ಪೊಟ್ಟಣ ಕಟ್ಟಿದ. ನೆಲದ ಮೇಲೆ ಬಿದ್ದ ಒಂದನ್ನೂ ಹುಡುಕಿ ಎತ್ತಿದ. ಪೊಟ್ಟಣವನ್ನು ಡಬ್ಬಿಯೊಳಗಿಟ್ಟು, ಮುಚ್ಚಳ ಬಿಗಿದು, ಚೀಲಕ್ಕೆ ಹಾಕಿಕೊಂಡ.