ಗೊಬ್ಬರ ತುಳಿಯುವ ಮಕ್ತುಮ್ ಸಾಬರು

ಮಕ್ತುಮ್ ಸಾಬರ ಮೆಟ್ಟಿನ ಸದ್ದು ಕೇಳಿದರೆ ಸಾಕು, ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಕಲ್ಯಾಣಮಂಟಪದ ಅಡುಗೆಯವರು ಹರಟೆ ನಿಲ್ಲಿಸಿ ಗಂಭೀರವದನರಾಗುತ್ತಿದ್ದರು. ಹೇಳಿ ಮಾಡಿಸಿದ ಮೆಟ್ಟು ಅದು, ಹೆಜ್ಜೆಗೊಮ್ಮೆ ಕಿರ್ರೆನ್ನುತ್ತಿತ್ತು. ಮೇಲೆ ಕರಿ ಕೋಟು, ಮದರಂಗಿ ಹಚ್ಚಿದ ಗಡ್ಡ, ಎದೆ ಸೆಟೆಸಿದ ನಡಿಗೆ. ಇಷ್ಟೆಲ್ಲ ಠೀವಿಯ ಮನುಷ್ಯ ಹಿತ್ತಲಿನ ಗೊಬ್ಬರದ ಗುಂಡಿಯ ಬಳಿ ಬಂದೊಡನೆ ಆ ಮೆಟ್ಟನ್ನು ಮಸೀದಿಯ ಬಾಗಿಲಲ್ಲಿ ಬಿಡುವಷ್ಟೇ ಜತನದಿಂದ ಕಳಚಿ, ಪೈಜಾಮ ಮೇಲೆತ್ತಿ, ಗುಂಡಿಯಿಂದ ತೆಗೆದು ಹರಡಿದ ಗೊಬ್ಬರದ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಅಂಗುಲವೂ ಬಿಡದೆ ತುಳಿಯುತ್ತಿದ್ದರು. ತುಳಿದು ಮುಗಿಸಿ, ಗಾಡಿ ಕಟ್ಟಿಕೊಂಡು ಕಾದ ರೈತನಿಗೆ ಹೇಳುತ್ತಿದ್ದದ್ದು ಒಂದೇ ಮಾತು: “ಹೇರ್ಕೊಳ್ರಿ. ಬೇಫಿಕರ್, ಚಿಂತಿ ಬ್ಯಾಡ.”

ಮದುವೆಮನೆಯ ಎಂಜಲೆಲೆಯನ್ನು ಗುತ್ತಿಗೆ ಹಿಡಿದು, ಕೊಳೆಸಿ, ಮಲೆಬೆನ್ನೂರು ಕಡೆಯ ಭತ್ತದ ಗದ್ದೆಗಳಿಗೆ ಮಾರುವುದು ಅವರ ಕಸುಬು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವರೂ ಮೆಟ್ಟು ಹಾಕಿಕೊಂಡೇ ವ್ಯಾಪಾರ ಮಾಡಿದವರು. ಒಂದೊಂದು ಲಗ್ನಕ್ಕೂ ಆ ಮಂಟಪದಲ್ಲಿ ಸಾವಿರಾರು ಜನ ಉಣ್ಣುವುದು. ಮುತ್ತುಗದ ಎಲೆ, ಬಾಡಿದ ಹೂವು, ಚೆಲ್ಲಿದ ಅನ್ನದ ಜೊತೆಗೆ, ಒಳಗಿನ ಗೋಲಿಯ ಆಸೆಗೆ ಹುಡುಗರು ಒಡೆದ ಸೋಡಾ ಬಾಟ್ಲಿಗಳೂ ಅದೇ ಗುಂಡಿಗೆ. ಎಲೆ ಕೊಳೆಯುತ್ತದೆ, ಗಾಜು ಕೊಳೆಯುತ್ತದೆಯೇ?

ಕೆಂಚವೀರಪ್ಪನೆಂಬ ರೈತನ ಸೊಸೆ ಅಂಜಿನವ್ವ ನಾಟಿಯ ಕೆಸರಿನಲ್ಲಿ ಆ ಗೊಬ್ಬರದೊಳಗಿನ ಗಾಜನ್ನು ತುಳಿದಳು. ನಾಟಿ ಮುಗಿಯಲೆಂದು ಯಾರಿಗೂ ಹೇಳದೆ ಗಾಯಕ್ಕೆ ಅರಿಸಿನ ಒತ್ತಿಕೊಂಡಳು. ಧನುರ್ವಾಯು ಹಿಡಿದು, ಹರಿಹರದ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ದವಡೆ ಕಚ್ಚಿಹೋಗಿತ್ತು, ಜೀವ ಉಳಿಯಲಿಲ್ಲ. ಕೆಂಚವೀರಪ್ಪ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಸಾಬರೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದರೋ ಏನೋ. ಮರುವರ್ಷ ಗಾಡಿ ಹೊಡೆದುಕೊಂಡು ಗೊಬ್ಬರಕ್ಕೇ ಬಂದ ಆ ಮನುಷ್ಯ ನೆಲ ನೋಡುತ್ತ, “ಈ ಸಲ ಗಾಜು ಇಲ್ಲ ಅಲ್ರೀ, ಸಾಬ್ರೇ?” ಎಂದು ಕೇಳಿದ, ಅಷ್ಟೇ. ಸಾಬರು ಮೆಟ್ಟು ಕಳಚಿ ಗೊಬ್ಬರ ತುಳಿದದ್ದು ಅಂದೇ ಮೊದಲು.

ಕಾಲೊಂದನ್ನೇ ನಂಬಿ ಕೂತವರಲ್ಲ ಅವರು. ಊಟದ ಮನೆಯ ಬಾಗಿಲಲ್ಲಿ ಗಾಜಿಗೆಂದೇ ಮರದ ಪೆಟ್ಟಿಗೆ ಇರಿಸಿದರು, ಎಲೆಗೆ ಬೇರೆ ಬುಟ್ಟಿ. “ಬಾಟ್ಲಿ ಇದರಾಗ, ಎಲಿ ಅದರಾಗ” ಎಂದು ಕೈಮುಗಿದು ಗಂಟಲು ಹರಿದುಕೊಂಡರು. ಮಂಟಪದ ಮ್ಯಾನೇಜರ್ ಮಾಲತೇಶಪ್ಪನವರು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು: “ಉಣ್ಣಾಕ ಬಂದೋರಿಗೆ ಕಸದ ಪಾಠ ಹೇಳಬ್ಯಾಡ್ರಿ ಸಾಬ್ರೇ. ಬೀಗರು ಬೇಜಾರು ಮಾಡ್ಕೋತಾರ.” ಪೆಟ್ಟಿಗೆ ಹಿತ್ತಲು ಸೇರಿ ಮಜ್ಜಿಗೆ ಹಂಡೆಗೆ ಪೀಠವಾಯಿತು. ಉಳಿದದ್ದು ಕಾಲೊಂದೇ. ಗಾಜು ಚುಚ್ಚಿದಾಗಲೆಲ್ಲ “ಸಿಕ್ತು!” ಎಂದು, ಕಳೆದ ಒಡವೆ ಸಿಕ್ಕವರಂತೆ ಹಿಗ್ಗುತ್ತಿದ್ದರು. ಹುಚ್ಚಲ್ಲದೆ ಇನ್ನೇನು ಅದು! ಆದರೆ ಆ ಹುಚ್ಚಿನ ದೆಸೆಯಿಂದ ಗದ್ದೆಯಲ್ಲಿ ಇನ್ನೊಬ್ಬರ ಕಾಲಿಗೆ ಗಾಯವಾದ ಸುದ್ದಿ ಬರಲಿಲ್ಲ.

ಎಂಬತ್ತನೇ ಇಸವಿಯ ಸುಮಾರಿಗೆ ಅವರಿಗೆ ಸಕ್ಕರೆ ಕಾಯಿಲೆ ಅಂಟಿತು. ಒಂದು ಸಂಜೆ ಅವರ ಕಾಲಿಗೆ ನೀರು ಹೊಯ್ಯುತ್ತಿದ್ದ ಹೆಂಡತಿ ಮಾಬೂಬೀ, ಹನಿ ತಮ್ಮ ಬೆರಳಿಗೆ ತಾಗಿ ಬೆಚ್ಚಿಬಿದ್ದರು. ಕೈ ಇಡಲಾರದಷ್ಟು ಬಿಸಿ. ಸಾಬರು ಮಾತ್ರ ಹಾಯಾಗಿ ಮಾತಾಡುತ್ತ ಕೂತಿದ್ದರು.

“ಸುಡೋದೇ ತಿಳಿಯಲ್ಲ ನಿಮ್ಮ ಕಾಲಿಗೆ. ಗಾಜು ಹೆಂಗೆ ತಿಳೀತೈತ್ರೀ?”

“ನನ್ನ ಕಾಲಿನ ಸುದ್ದಿ ನಿಂಗೆ ಬ್ಯಾಡ,” ಸಾಬರು ಸಿಡುಕಿದರು. “ಈ ವರ್ಷ ಒಂದು ಚೂರೂ ಚುಚ್ಚಿಲ್ಲ. ಜನ ಕಲ್ತಾರ. ಗೊಬ್ಬರ ಅಷ್ಟು ಸ್ವಚ್ಛ ಐತೆ!”

ಹಾಗೆಂದೇ ನಂಬಿದ್ದರು. ಪಾಪ, ಆ ನಂಬಿಕೆ ಅವರಿಗೆ ಎಷ್ಟು ಸುಖ ಕೊಟ್ಟಿತ್ತು!

ಆ ಮುಂಗಾರಿನ ಕೊನೆಯ ಗಾಡಿ ಕೆಂಚವೀರಪ್ಪನದು. ಸಾಬರು ತುಳಿದರು, “ಬೇಫಿಕರ್” ಎಂದರು, ಮೆಟ್ಟಿಗೆ ಕಾಲು ತೂರಿಸಹೋದರು.

“ನಿಲ್ರಿ ಸಾಬ್ರೇ,” ಎಂದ ಕೆಂಚವೀರಪ್ಪ. “ಕಾಲಾಗ ರಕ್ತ ಐತೆ.”

ಹಿಮ್ಮಡಿಯಲ್ಲಿ ಸೋಡಾ ಬಾಟ್ಲಿಯ ಹಸಿರು ಚೂರು ಅರ್ಧ ಹೂತಿತ್ತು. ಹಿಂದಿರುಗಿ ನೋಡಿದರೆ ಗೊಬ್ಬರದ ಮೇಲೆ ಹೆಜ್ಜೆಹೆಜ್ಜೆಗೂ ಕೆಂಪು. ಸಾಬರು ನೋವೆಂದು ಕೂಗಲಿಲ್ಲ, ನೋವೇ ಇರಲಿಲ್ಲ. ಅವರ ಬಾಯಿಂದ ಬಂದದ್ದು, “ಹಂಗಾದ್ರೆ... ಮೊದಲು ಹೋದ ಗಾಡಿಗಳು?”

ಕಾಲಿಗೆ ಬಟ್ಟೆ ಸುತ್ತಿ ಆಗಲೇ ಮಲೆಬೆನ್ನೂರಿನ ಬಸ್ಸು ಹತ್ತಿದರು. ಬದುವಿನಿಂದ ಬದುವಿಗೆ ಕುಂಟುತ್ತ, ನಾಟಿಗೆ ಇಳಿದ ಹೆಂಗಸರನ್ನು “ಮ್ಯಾಲೆ ಬರ್ರವ್ವಾ, ಕಾಲು ತೋರಿಸ್ರವ್ವಾ” ಎಂದು ಅಂಗಲಾಚಿದರು. ಕೆಲವರು ನಕ್ಕರು, ಕೆಲವರು ಬೈದರು. ಕೂಲಿ ಬಿಟ್ಟು ಯಾರೂ ಮೇಲೆ ಬರಲಿಲ್ಲ. ಆ ಕೆಸರಿನಲ್ಲಿ ಅವರ ಗಾಯವೇ ಕೆಟ್ಟು, ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಬೇಕಾಯಿತು. ಹೋದ ಕಾಲಿಗೆ ಅವರು ಅಳಲಿಲ್ಲ. ಜಗುಲಿಯಲ್ಲಿ ಕೂತು ಆ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಿದ್ದರು: “ಯಾರಿಗಾದ್ರೂ ಚುಚ್ಚಿತೇನ್ರೀ?” “ಇಲ್ಲ ಸಾಬ್ರೇ, ಬೇಫಿಕರ್ ಇರ್ರಿ” ಎನ್ನುತ್ತಿದ್ದರು ಜನ. ತಾವೇ ಅಷ್ಟು ಸಲ ಹೇಳಿದ ಆ ಮಾತನ್ನು ನಂಬಲು ಸಾಯುವ ತನಕ ಅವರಿಂದಾಗಲಿಲ್ಲ.

ಜನಸಮೂಹದ ಅಜಾಗರೂಕತೆಗೆ ತಮ್ಮ ಶರೀರವನ್ನೇ ಜಾಮೀನು ಕೊಡುವ ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಉಂಡು, ಕೈತೊಳೆದು, ತಾಂಬೂಲ ಹಿಡಿದು ಹೊರಟವರಿಗೆ ತಮ್ಮ ಎಲೆ ಎಲ್ಲಿ ಬಿತ್ತೆಂಬ ಗೊಡವೆಯಿಲ್ಲ. ಒಂದು ಗಳಿಗೆ ಬಗ್ಗಿ ಬಾಟ್ಲಿಯನ್ನು ಪೆಟ್ಟಿಗೆಗೆ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ ಇಂಥವರೊಬ್ಬರ ಅಂಗಾಲಿನ ಮೇಲೆ ಬೀಳುತ್ತದೆ. ಸಾವಿರಾರು ಕೈಗಳ ಕೆಲಸವನ್ನು ಎರಡು ಪಾದ ಎಷ್ಟು ದಿನ ಹೊತ್ತಾವು? ಅವು ಮರಗಟ್ಟಿದ್ದು ಉಣ್ಣುವವರಿಗೆ ತಿಳಿಯುವುದಿಲ್ಲ, ಹೊತ್ತವರಿಗೂ ತಿಳಿಯುವುದಿಲ್ಲ. ಪಂಕ್ತಿಯ ಮೇಲೆ ಪಂಕ್ತಿ, ಊಟ ಮಾತ್ರ ನಡೆದೇ ಇರುತ್ತದೆ.