ನಿಂಗರಾಜು ಒತ್ತಿದ ಹೊಳೆ

ಪಕ್ಕದ ಹೊಲದ ಬದು ಒತ್ತುವವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಳೆಯನ್ನೇ ಒತ್ತಿದವನು ನಮ್ಮ ಮುಡುಕುತೊರೆಯ ನಿಂಗರಾಜು ಒಬ್ಬನೇ. ಹೊಳೆಕಾವಲು ಸಮಿತಿಗೆ ಅಧ್ಯಕ್ಷ ಬೇರೆ.

ಆ ಸಮಿತಿ ಆದದ್ದು ಶೃತಿ ಮೇಡಂ ಬಂದುಹೋದ ಮೇಲೆ. ನೀರಿನ ಜೀವಿಗಳ ಬಗ್ಗೆ ಓದುವ ಅವರು ಮೊಬೈಲಿನಲ್ಲಿ ಸಮುದ್ರದ ಲಾಬ್‌ಸ್ಟರ್ ತೋರಿಸಿದರು. ಒಂದಷ್ಟು ಜಾಗದಲ್ಲಿ ಹಿಡಿಯುವುದನ್ನು ನಿಲ್ಲಿಸಿದರೆ ಅಲ್ಲಿ ಅವು ಬಲಿತು, ಮರಿ ಹೆಚ್ಚಿ, ಹೊರಗಿನವರ ಬಲೆಗೂ ಬರುತ್ತವಂತೆ. ಏಡಿಗೂ ಇದೇ ಮಾತು ಎಂದರು. ನಮ್ಮತ್ತೆ ಪಾಪಮ್ಮ ಕಾವೇರಿಯಲ್ಲಿ ಬಿದಿರಿನ ಕೂಳಿ ಇಟ್ಟು, ಏಡಿ ಹಿಡಿದು ಮಾರಿ ಸಂಸಾರ ಸಾಕಿದವಳು. ತನ್ನ ಒಳ್ಳೆಯ ಮಡುವನ್ನೇ ಬಿಟ್ಟುಕೊಟ್ಟಳು. ದಡದ ಮತ್ತಿಮರದ ಬುಡದಲ್ಲಿ ಕಲ್ಲು ನೆಟ್ಟು, ಕೆಂಪು ಬಣ್ಣ ಬಳಿದು, ಅಲ್ಲಿಂದ ಹೊಳೆಯ ಮೇಲ್ಗಡೆಗೆ ಯಾರೂ ಹಿಡಿಯಬಾರದು ಎಂದಾಯಿತು.

ಎರಡು ವರ್ಷ ಗಂಜಿ ಕುಡಿದೆವು. ಆಮೇಲೆ ಕಲ್ಲಿನ ಕೆಳಗಿಟ್ಟ ಕೂಳಿಯಲ್ಲಿ ಅಂಗೈ ಅಗಲದ ಏಡಿಗಳು ಬಿದ್ದವು. ಹೊಟ್ಟೆಯಡಿ ಮರಿ ಅಂಟಿಸಿಕೊಂಡ ತಾಯಿಗಳನ್ನು ಅತ್ತೆ ವಾಪಸ್ಸು ನೀರಿಗೆ ಬಿಡುತ್ತಿದ್ದಳು.

ಆಗ ನಿಂಗರಾಜುವಿನ ನಾಲಿಗೆಗೆ ರುಚಿ ಹತ್ತಿತು. ಆಳು ಬಿಟ್ಟು ಕಲ್ಲಿನ ಪಕ್ಕದಲ್ಲೇ ಕೂಳಿ ಇಡಿಸಿದ. ಇಡಲಿ, ಹೊಳೆ ಎಲ್ಲರದು. ಆದರೆ ಹೊಲದ ಬದು ಒತ್ತುವ ಚಾಳಿ ಬಿಟ್ಟೀತೇ? ಕಲ್ಲು ಮೆಲ್ಲಗೆ ಮೇಲಕ್ಕೆ ಸರಿಯಿತು, ಇವತ್ತು ಮೊಳ, ನಾಳೆ ಮಾರು. ಮಡುವಿನ ಬಹುಪಾಲು ಅವನ ಕೂಳಿಗೆ ಸೇರಿತು, ಮರಿ ಹೊತ್ತ ತಾಯಿಗಳು ಅವನ ಸಾರಿಗೆ ಹೋದವು. ಗದ್ದೆ ಒತ್ತಿದರೆ ನಾಲ್ಕು ಪೈರು ಹೆಚ್ಚಾದೀತು. ಏಡಿ ಮರಿ ಮಾಡುವ ಜಾಗ ಒತ್ತಿದರೆ ಎಲ್ಲರ ಬಾಯಿಗೂ ಮಣ್ಣೇ ಎಂಬುದು ಆ ಬೃಹಸ್ಪತಿಗೆ ತಿಳಿಯಲಿಲ್ಲ. ಅತ್ತೆಯ ಕೂಳಿ ಬರಿದಾಯಿತು.

ಅತ್ತೆ ಹೋಗಿ ಕೇಳಿದರೆ, "ಎಲ್ಲಿ ನೆಟ್ಟಿದ್ವೋ ಅಲ್ಲೇ ಅದೆ ಕಣಮ್ಮಿ. ನಿನ್ ಕಣ್ಣು ಮಂಜಾಗ್ಯದೆ" ಎಂದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಊರವರಿಗೆ ಕಾಣಲಿಲ್ಲವೆಂದಲ್ಲ. ಬಾಯಿ ಬಿಟ್ಟರೆ ತಂತಮ್ಮ ಬದುಗಳ ಮಾತೂ ಬರುತ್ತದಲ್ಲ, ಅದಕ್ಕೆ ಸುಮ್ಮನಿದ್ದರು. ಅವನ ಮೀಸೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹೊಳೆ ಕಾಪಾಡಿದ್ದಕ್ಕೆ ಸನ್ಮಾನ ಮಾಡಿಸಿಕೊಳ್ಳಲು ಅವನು ನರಸೀಪುರಕ್ಕೆ ಹೋದ ದಿನ ಅತ್ತೆ ಗುದ್ದಲಿ ಹಿಡಿದು ನನ್ನನ್ನು ಕರೆದಳು. "ಇಂದ್ರಾಣಿ, ಗಾಡಿ ತೆಗಿ" ಎಂದಳು. ಕಲ್ಲು ಕಿತ್ತು, ನನ್ನ ಎಕ್ಸೆಲ್ ಮೊಪೆಡ್ಡಿನಲ್ಲಿಟ್ಟು ತಂದು, ಅವನ ಗದ್ದೆಯ ನಟ್ಟನಡುವೆ ನೆಟ್ಟೆವು.

ಸುದ್ದಿ ಮುಟ್ಟಿ, ಸನ್ಮಾನದ ಶಾಲು ಹೊದ್ದುಕೊಂಡೇ ಓಡಿಬಂದ. ಹಿಂದೆಯೇ ಊರೂ ಬಂತು.

"ನನ್ ಗದ್ದೇಲಿ ಇದೇನಮ್ಮಿ ಕಲ್ಲು?"

"ಎಲ್ಲಿ ನೆಟ್ಟಿದ್ವೋ ಅಲ್ಲೇ ಅದೆ ಸಾ" ಎಂದಳು ಅತ್ತೆ. "ಇಲ್ಲಿಂದಾಚೆ ಯಾರೂ ಕಾಲಿಡಂಗಿಲ್ಲ."

"ಸರ್ವೆಯೋರ್ನ ಕರಸ್ತೀನಿ. ಈ ಕಲ್ಲು ಇಲ್ಲೀದಲ್ಲ."

"ಮತ್ತೆಲ್ಲೀದು?"

ಗದ್ದೆ ಹೋದೀತೆಂಬ ಗಾಬರಿಯಲ್ಲಿ ಅವನಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ. "ಮತ್ತಿಮರದ ಬುಡದ್ದು ಕಣಮ್ಮಿ. ನಾನೇ ನಿಂತು ನೆಡ್ಸಿದ್ದು. ಊರ್ಗೆಲ್ಲ ಗೊತ್ತು."

ಆಡಿದ್ದೇನೆಂದು ತಿಳಿದಾಗ ಅವನ ಮುಖ ಹುಳ್ಳಗಾಯಿತು.

ಅತ್ತೆ ಗುದ್ದಲಿಯನ್ನು ಅವನತ್ತ ಚಾಚಿದಳು. "ಅಂಗಾದ್ರೆ ಕಿತ್ಕೊಂಡೋಗಿ ಅಲ್ಲೇ ನೆಡಿ ಸಾ. ನನ್ ಕಣ್ಣು ಮಂಜು, ಜಾಗ ನೀವೇ ತೋರ್ಸಿ."

ಸನ್ಮಾನದ ಶಾಲನ್ನೇ ಸಿಂಬಿ ಸುತ್ತಿ ತಲೆಗಿಟ್ಟು, ಅಧ್ಯಕ್ಷರು ಕಲ್ಲು ಹೊತ್ತರು.